ಟಾಪ್ ಇಳಿಸುವ ಮೊದಲು: ತೆರೆದ ಕಾರು, ಕರಾವಳಿ, ಘಟ್ಟ

ಬೇಸಿಗೆಯಲ್ಲಿ ಟಾಪ್ (ಮಡಚಿಡಬಹುದಾದ ಛಾವಣಿ) ತೆರೆದ ಕಾರಿನ ತಿರುಗಾಟದ ಬಗ್ಗೆ ಓದುಗರಿಂದ ಪ್ರಶ್ನೆ ಆಹ್ವಾನಿಸಿದ್ದೆವು. ಉತ್ತರ ಕನ್ನಡದಿಂದ ಬಂದವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಎರಡು ಸೀಟಿನ, ಬಟ್ಟೆಯ ಟಾಪ್ ಇರುವ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡಿದ್ದೇವೆ. ಮೇ ಮೊದಲ ವಾರ ಗಂಡ ಹೆಂಡತಿ ಇಬ್ಬರೇ ಎರಡು ದಿನ ತಿರುಗಬೇಕೆಂದಿದ್ದೇವೆ. ಸಮುದ್ರವೂ ಬೇಕು, ಘಟ್ಟವೂ ಬೇಕು. ಯಾವ ದಾರಿ ಹಿಡಿಯೋಣ?
– ಓದುಗರು, ಕಾರವಾರ

ದಾರಿ ಆಮೇಲೆ, ಮೊದಲು ಗಡಿಯಾರ ನೋಡಿ. ಕಾರವಾರ ಇರುವುದು 14.8 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆ, ಮೇ ಆರಂಭದಲ್ಲಿ ಸೂರ್ಯ ಇಲ್ಲಿ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ಅದೂ ಗಡಿಯಾರದಲ್ಲಿ 12.30 ಆದಾಗ. ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 74ರಲ್ಲಿ. ಅದಕ್ಕೇ ಈ ಅರ್ಧ ಗಂಟೆಯ ವ್ಯತ್ಯಾಸ. ಬೆಳಿಗ್ಗೆ 6.15ರಿಂದ 9.30, ಸಂಜೆ 4ರಿಂದ ಮುಸ್ಸಂಜೆಯವರೆಗೆ ಟಾಪ್ ತೆರೆಯಿರಿ. ನಡುವಿನ ಹೊತ್ತಿನಲ್ಲಿ ಮುಚ್ಚಿ ಎ.ಸಿ. ಹಾಕಿಕೊಳ್ಳಿ, ಅಥವಾ ಎಲ್ಲಾದರೂ ಉಂಡು ಮಲಗಿ. ತೆರೆದ ಕಾರು ಕೊಂಡ ಮೇಲೆ ಮುಚ್ಚಲು ನಾಚಿಕೆಪಡುವವರಿದ್ದಾರೆ. ಮಧ್ಯಾಹ್ನ ಒಂದು ಗಂಟೆಗೆ ಹೊನ್ನಾವರದ ಸೇತುವೆ ಮೇಲೆ ಬೆವರು ಒರೆಸಿಕೊಳ್ಳುತ್ತ ಸಾಗುವುದರಲ್ಲಿ ಯಾವ ಮಜವೂ ಇಲ್ಲ.

ಎರಡನೆಯದು ದಿಕ್ಕು. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿದೆ. ಬೆಳಿಗ್ಗೆ ದಕ್ಷಿಣಕ್ಕೆ ಹೊರಟರೆ ಬಿಸಿಲು ಎಡದಿಂದ ಬರುತ್ತದೆ, ಸಂಜೆ ಉತ್ತರಕ್ಕೆ ಬಂದರೂ ಎಡದಿಂದಲೇ. ಓಡಿಸುವವರ ಕಣ್ಣಿಗೆ ನೇರ ಹೊಡೆಯುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಎರಡು ಹೊತ್ತೂ ಬಿಸಿಲೇ, ಅದನ್ನು ಮನೆಯಲ್ಲೇ ಮಾತಾಡಿ ಬಗೆಹರಿಸಿಕೊಳ್ಳಿ. ಘಟ್ಟವನ್ನು ಸಂಜೆ ಹತ್ತಬೇಕು, ಬೆಳಿಗ್ಗೆ ಇಳಿಯಬೇಕು. ಪೂರ್ವಕ್ಕೆ ಹತ್ತುವಾಗ ಸಂಜೆಯ ಸೂರ್ಯ ಬೆನ್ನಿಗಿರುತ್ತಾನೆ, ಪಶ್ಚಿಮಕ್ಕೆ ಇಳಿಯುವಾಗ ಬೆಳಗಿನ ಸೂರ್ಯ ಬೆನ್ನಿಗೆ. ಇದನ್ನು ತಿರುವುಮುರುವು ಮಾಡಿದರೆ ಮರಗಳ ನಡುವಿನ ಬಿಸಿಲು ನೆರಳು ಕಣ್ಣಿಗೆ ಚಕಚಕ ಹೊಡೆದು ತಿರುವಿನಲ್ಲಿ ಎದುರಿನ ಬೈಕ್ ಕಾಣದೆ ಹೋಗುತ್ತದೆ.

ಈ ಎರಡು ಲೆಕ್ಕಕ್ಕೂ ಹೊಂದುವ ಸುತ್ತು ಹೀಗಿದೆ. ಮೊದಲ ದಿನ ಕಾರವಾರದಿಂದ 6.15ಕ್ಕೆ ಹೊರಟು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಿಣಗಾ, ಅಂಕೋಲಾ, ಕುಮಟಾ ದಾಟಿ ಹೊನ್ನಾವರ. ಸುಮಾರು 90 ಕಿ.ಮೀ., ಎಂಟೂಕಾಲರ ಹೊತ್ತಿಗೆ ತಿಂಡಿ. ದಾರಿಯಲ್ಲಿ ಗಂಗಾವಳಿ, ಅಘನಾಶಿನಿ ಸಿಗುತ್ತವೆ. ಹೊನ್ನಾವರ ದಾಟಿದರೆ ಶರಾವತಿ. ಹೆದ್ದಾರಿಯಿಂದ ಕಡಲು ಕಾಣುವುದು ಕೆಲವೇ ಕಡೆ, ನಿಜವಾದ ನೋಟ ಇರುವುದು ಈ ಹೊಳೆಗಳ ಸೇತುವೆಗಳ ಮೇಲೆ. ಆದರೆ ಸೇತುವೆ ಮೇಲೆ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ, ಹಿಂದಿನಿಂದ ಮೀನಿನ ಲಾರಿ ಬರುತ್ತಿರುತ್ತದೆ. ಮಧ್ಯಾಹ್ನ ಹೊನ್ನಾವರದಲ್ಲೇ ಕಳೆದು, 4 ಗಂಟೆಗೆ ಶಿವಮೊಗ್ಗ ರಸ್ತೆ ಹಿಡಿದು ಗೇರುಸೊಪ್ಪ, ಮಲೆಮನೆ ಘಟ್ಟ, ಮಾವಿನಗುಂಡಿ. ಇಡೀ ಸುತ್ತಿನಲ್ಲಿ ಟಾಪ್ ತೆಗೆದಿದ್ದಕ್ಕೆ ಸಾರ್ಥಕ ಅನ್ನಿಸುವುದು ಈ ಘಟ್ಟದಲ್ಲೇ: ರಸ್ತೆಯ ಮೇಲೆ ಕೊಂಬೆಗಳು ಕೂಡಿಕೊಂಡಿವೆ, ನೆರಳು ದಟ್ಟವಾಗಿದೆ, ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಜೋಗದ ಮೇಲೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಬೇಸಿಗೆಯ ಜೋಗ ಬಂಡೆಯ ಮೇಲಿನ ಸಣ್ಣ ಗೆರೆ. ಕತ್ತಲಾಗುವುದರೊಳಗೆ ಸಿದ್ದಾಪುರ ಸಿಗುತ್ತದೆ. ಮುಂದೆ ಶಿರಸಿಗೆ ಟಾಪ್ ಮುಚ್ಚಿಕೊಂಡು ಹೋಗಿ, ಹೆಡ್‌ಲೈಟಿಗೆ ಬರುವ ಹುಳಗಳು ಮುಂದಿನ ಗಾಜು ದಾಟಿ ಒಳಗೇ ಬರುತ್ತವೆ.

ಎರಡನೇ ದಿನ ಶಿರಸಿಯಿಂದ 6.30ಕ್ಕೆ ಹೊರಟು ದೇವಿಮನೆ ಘಟ್ಟ ಇಳಿದು ಕುಮಟಾ, ಸುಮಾರು 60 ಕಿ.ಮೀ. ಈ ದಾರಿಯಲ್ಲಿ ಅಗಲೀಕರಣಕ್ಕಾಗಿ ಸಂಚಾರ ತಡೆದದ್ದುಂಟು, ಹಿಂದಿನ ರಾತ್ರಿ ಶಿರಸಿಯಲ್ಲೇ ವಿಚಾರಿಸಿ. ಸಂಜೆ 4.30ಕ್ಕೆ ಕುಮಟಾದಿಂದ ಉತ್ತರಕ್ಕೆ ಹೊರಟರೆ ಕಾರವಾರಕ್ಕೆ 70 ಕಿ.ಮೀ. ಉತ್ತರಕ್ಕೆ ಬರುವ ಪಥವೇ ಸಮುದ್ರದ ಮಗ್ಗುಲಿಗಿದೆ. 6.50ರ ಸೂರ್ಯಾಸ್ತಕ್ಕೆ ಟ್ಯಾಗೋರ್ ಕಡಲತೀರ ತಲುಪಬಹುದು. ಎರಡು ದಿನಕ್ಕೆ ಒಟ್ಟು 340 ಕಿ.ಮೀ. ಸುಮಾರು. ಪೆಟ್ರೋಲನ್ನು ಹೊನ್ನಾವರದಲ್ಲೂ ಶಿರಸಿಯಲ್ಲೂ ತುಂಬಿಸಿ, ಘಟ್ಟದ ನಡುವೆ ಬಂಕ್ ಲೆಕ್ಕಕ್ಕೆ ಹಿಡಿಯಬೇಡಿ.

ಮೈಗೆ ಏನು ಬೇಕೆಂಬುದನ್ನೂ ಹೇಳಿಬಿಡುತ್ತೇವೆ. ಗಾಳಿ ಬೆವರನ್ನು ಆಗಿಂದಾಗ್ಗೆ ಒಣಗಿಸುವುದರಿಂದ ನೀರು ಕಡಿಮೆಯಾದದ್ದು ತಿಳಿಯುವುದಿಲ್ಲ, ತಲೆನೋವು ಬಂದಾಗಲೇ ಗೊತ್ತಾಗುವುದು. ಅರ್ಧ ಗಂಟೆಗೊಮ್ಮೆ ಒಂದು ಲೋಟ ಕುಡಿಯಿರಿ. ಉಪ್ಪು ಹಾಕಿದ ಕೋಕಂ ಶರಬತ್ತು ಒಳ್ಳೆಯದು, ಶಿರಸಿಯಲ್ಲಿ ಅಪ್ಪೆಹುಳಿ ಸಿಕ್ಕರೆ ಇನ್ನೂ ಒಳ್ಳೆಯದು. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದಿರಲಿ. ಮುಖ ಕುತ್ತಿಗೆಗೆ ಎರಡು ಬೆರಳುದ್ದ, ಎರಡು ಗಂಟೆಗೊಮ್ಮೆ ಮತ್ತೆ. ಎಲ್ಲರೂ ಮರೆಯುವುದು ಕಿವಿಯ ಮೇಲ್ತುದಿ ಮತ್ತು ಸ್ಟಿಯರಿಂಗ್ ಹಿಡಿದ ಕೈಯ ಹಿಂಭಾಗ. ಅಗಲ ಅಂಚಿನ ಹ್ಯಾಟ್ ಹಾರಿ ಹಿಂದಿನ ಬೈಕಿನವರ ಮುಖಕ್ಕೆ ಬೀಳುತ್ತದೆ. ಗದ್ದಕ್ಕೆ ಕಟ್ಟುವ ಟೋಪಿ ಸಾಕು. ನಿಲ್ಲಿಸಿದಾಗ ಸೀಟಿನ ಮೇಲೆ ಬಿಳಿ ಹತ್ತಿ ಟವೆಲ್ ಹಾಸಿ, ಕಪ್ಪು ಲೆದರ್ ಸುಡುತ್ತದೆ.

ಟಾಪ್ ತೆರೆದು ಓಡಿಸುವಾಗ ವೇಗ 70 ಕಿ.ಮೀ. ದಾಟಿದರೆ ಹೆಂಡತಿಯ ಕೂದಲು ಮುಖಕ್ಕೆ ಹೊಡೆಯುತ್ತದೆ, ಕತ್ತು ಹಿಡಿಯುತ್ತದೆ. ಗಾಳಿ ಮುಂದಿನಿಂದ ಬರುವಾಗ ಕೂದಲು ಹಿಂದಕ್ಕಲ್ಲವೇ ಹೋಗಬೇಕು?
– ಓದುಗರು, ಶಿರಸಿ

ಮುಂದಿನ ಗಾಜಿನ ಮೇಲೆ ಹಾದ ಗಾಳಿ ನಿಮ್ಮ ತಲೆಯ ಮೇಲಿಂದ ಹೋಗುತ್ತದೆ. ಅದರ ಅಡಿಯಲ್ಲಿ, ಅಂದರೆ ನೀವು ಕೂತ ಜಾಗದಲ್ಲಿ, ಒತ್ತಡ ಕಡಿಮೆಯಾಗುತ್ತದೆ. ಆ ಖಾಲಿಯನ್ನು ತುಂಬಲು ಡಿಕ್ಕಿಯ ಕಡೆಯ ಗಾಳಿ ಸುಳಿದು ಸೀಟುಗಳ ನಡುವಿನಿಂದ ಮುಂದಕ್ಕೆ ನುಗ್ಗುತ್ತದೆ. ಕತ್ತು ಹಿಡಿಯುವುದೂ, ಕೂದಲು ಮುಖಕ್ಕೆ ಬರುವುದೂ ಇದರಿಂದಲೇ.

ಮದ್ದು ಇಷ್ಟೆ: ಸೀಟುಗಳ ಹಿಂದೆ ನಿಲ್ಲಿಸುವ ಬಲೆಯ ಅಥವಾ ಅಕ್ರಿಲಿಕ್ ಹಲಗೆಯ ಗಾಳಿತಡೆ. ಕಾರಿನ ಜೊತೆಗೇ ಬಂದದ್ದಿದ್ದರೆ ಹಳೆಯ ಮಾಲೀಕರನ್ನು ಕೇಳಿ, ಹೆಚ್ಚಿನವರು ಅದನ್ನು ಅಟ್ಟದಲ್ಲಿ ಇಟ್ಟು ಮರೆತಿರುತ್ತಾರೆ. ಸಿಗದಿದ್ದರೆ 4 ಮಿ.ಮೀ. ಅಕ್ರಿಲಿಕ್ ಹಲಗೆಯನ್ನು ರೋಲ್ ಬಾರಿನ (ಸೀಟುಗಳ ಹಿಂದಿನ ಗಟ್ಟಿ ಕಂಬಿಯ) ಅಳತೆಗೆ ಕತ್ತರಿಸಿ, ಅಂಚು ಉಜ್ಜಿ ದುಂಡಗೆ ಮಾಡಿ, ಅಗಲ ವೆಲ್ಕ್ರೋ ಪಟ್ಟಿಯಿಂದ ಬಿಗಿಯಬಹುದು. ಅದರ ಮೇಲಂಚು ನಿಮ್ಮ ಕಿವಿಯ ಮಟ್ಟಕ್ಕಿರಲಿ. ಇನ್ನೂ ಎತ್ತರವಾದರೆ ರಾತ್ರಿ ಹಿಂದಿನ ಲೈಟುಗಳ ಪ್ರತಿಬಿಂಬ ಕಾಡುತ್ತದೆ. ಮಾಮೂಲಿ ಗಾಜಿನ ತುಂಡು ಮಾತ್ರ ಬಳಸಬೇಡಿ. ಪಕ್ಕದ ಕಿಟಕಿಗಳನ್ನು ಪೂರ್ತಿ ಏರಿಸಿ, ಅರ್ಧಕ್ಕಿಳಿಸಿ, ಎರಡನ್ನೂ ನೋಡಿ. ಸಾಮಾನ್ಯವಾಗಿ ಪೂರ್ತಿ ಏರಿಸಿದರೆ ಸುಳಿಗಾಳಿ ಗಣನೀಯವಾಗಿ ತಗ್ಗುತ್ತದೆ. ಎ.ಸಿ.ಯನ್ನು ಕಾಲಿನ ಕಡೆಗೆ ತಿರುಗಿಸಿ, ಟಾಪ್ ತೆರೆದಿದ್ದರೂ ಸೊಂಟದ ಕೆಳಗೆ ತಣ್ಣಗಿರುತ್ತದೆ. ಇಷ್ಟಾದ ಮೇಲೂ 90 ದಾಟಬಾರದು. ಆ ವೇಗದಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ, ಗಂಟೆಗಟ್ಟಲೆ ಕೇಳಿದ ಗಾಳಿಸದ್ದು ಕಿವಿಗೂ ಒಳ್ಳೆಯದಲ್ಲ. 60–70ರಲ್ಲಿ ಹೋಗಲು ಬೇಸರ ಅನ್ನಿಸುವವರಿಗೆ ತೆರೆದ ಕಾರು ಹೇಳಿಸಿದ್ದಲ್ಲ.

ಮೇ ಕೊನೆಯ ಒಂದು ಮಳೆಗೆ ಕಾರಿನ ಸೀಟಿನ ಕೆಳಗೆ ನೀರು ನಿಂತಿದೆ. ಟಾಪ್ ಸೋರುತ್ತಿಲ್ಲ, ಬಟ್ಟೆ ಒಣಗಿಯೇ ಇದೆ. ಗ್ಯಾರೇಜಿನವರು ಟಾಪ್ ಬದಲಿಸಿ ಎನ್ನುತ್ತಾರೆ.
– ಓದುಗರು, ಕುಮಟಾ

ಬದಲಿಸಬೇಡಿ. ನಿಮ್ಮ ವರ್ಣನೆ ನೋಡಿದರೆ ಕಟ್ಟಿಕೊಂಡಿರುವುದು ನೀರು ಹೋಗುವ ಕೊಳವೆ.

ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆ ಹಿಂಬದಿಗೆ ಇಳಿದು, ಸೀಟುಗಳ ಹಿಂದೆ ಟಾಪ್ ಕಾರಿನ ಮೈಗೆ ಸೇರುವಲ್ಲಿ ದೋಣಿಯಂಥ ಒಂದು ರಬ್ಬರ್ ಕಾಲುವೆಗೆ ಬೀಳುತ್ತದೆ. ಅಲ್ಲಿಂದ ಎಡ ಬಲ ಎರಡು ಕೊಳವೆಗಳಲ್ಲಿ ಇಳಿದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಹೋಗುತ್ತದೆ. ಹೆಚ್ಚಿನ ಎರಡು ಸೀಟಿನ ಕಾರುಗಳಲ್ಲಿ ವ್ಯವಸ್ಥೆ ಇದೇ. ಕೊಳವೆ ಕಟ್ಟಿದರೆ ದೋಣಿ ತುಂಬಿ ನೀರು ಒಳಕ್ಕೆ ಉಕ್ಕುತ್ತದೆ. ಕಟ್ಟುವುದು ಯಾವುದರಿಂದ? ನಮ್ಮ ಕರಾವಳಿಯಲ್ಲಿ ಮುಖ್ಯ ಆರೋಪಿ ಗಾಳಿಮರ. ಕಡಲತೀರದಲ್ಲಿ ನೆರಳಿದೆಯೆಂದು ಎಲ್ಲರೂ ಅದರ ಕೆಳಗೇ ನಿಲ್ಲಿಸುತ್ತಾರೆ. ಅದರ ಸೂಜಿ ಎಲೆ ಯಾವ ಜಾಲರಿಗೂ ನಿಲ್ಲದೆ ಕೊಳವೆಯೊಳಗೆ ಇಳಿದು, ಮರಳಿನ ಜೊತೆ ಸೇರಿ ಬಿರಡೆಯಾಗುತ್ತದೆ.

ಪರೀಕ್ಷೆ ಸುಲಭ. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಟಾಪ್ ಅರ್ಧ ತೆರೆದು, ದೋಣಿಯ ಒಂದು ಬದಿಗೆ ಅರ್ಧ ಲೀಟರ್ ನೀರನ್ನು ನಿಧಾನವಾಗಿ ಹೊಯ್ಯಿರಿ. ಕೆಲವೇ ಕ್ಷಣಗಳಲ್ಲಿ ಆ ಬದಿಯ ನೆಲದಲ್ಲಿ ಧಾರೆ ಕಾಣಬೇಕು. ಹನಿಹನಿಯಾಗಿ ಬಂದರೆ ಅರ್ಧ ಕಟ್ಟಿದೆ, ಬರದಿದ್ದರೆ ಪೂರ್ತಿ. ಹೊಯ್ಯುವುದನ್ನು ತಕ್ಷಣ ನಿಲ್ಲಿಸಿ. ಆಮೇಲೆ ಇನ್ನೊಂದು ಬದಿ.

ಬಿಡಿಸಲು ತೋಟದ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಹೇಳಿಮಾಡಿಸಿದ್ದು. 2–2.5 ಮಿ.ಮೀ. ದಪ್ಪದ್ದನ್ನು ಒಂದೂವರೆ ಮೀಟರ್ ಕತ್ತರಿಸಿ, ತುದಿಯನ್ನು ಬೆಂಕಿಕಡ್ಡಿಯಿಂದ ಕರಗಿಸಿ ದುಂಡಗೆ ಮಾಡಿ. ಮೊದಲು ದೋಣಿಯ ಕಸವನ್ನು ಕೈಯಿಂದ, ಬ್ರಷ್‌ನಿಂದ ತೆಗೆಯಿರಿ. ಇಲ್ಲದಿದ್ದರೆ ಅದನ್ನೇ ಕೊಳವೆಗೆ ತಳ್ಳಿದಂತಾಗುತ್ತದೆ. ದಾರವನ್ನು ತಿರುಗಿಸುತ್ತ ಒಳಗೆ ಬಿಡಿ, ತಡೆ ಸಿಕ್ಕಲ್ಲಿ ಬಲ ಹಾಕದೆ ಹಿಂದೆ ಮುಂದೆ ಆಡಿಸಿ. ಕಾರಿನ ಕೆಳಗಿನಿಂದ ಮೇಲಕ್ಕೂ ಒಮ್ಮೆ. ಕೊನೆಗೆ ಮತ್ತೆ ಅರ್ಧ ಲೀಟರ್. ಕಬ್ಬಿಣದ ತಂತಿ ಬೇಡ, ಅದು ಕೊಳವೆಯನ್ನೇ ಸೀಳುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯನ್ನೂ ಹೊಡೆಸಬೇಡಿ. ಒಳಗಿನ ಜೋಡಣೆ ಕಳಚಿಕೊಂಡರೆ ಅಲ್ಲಿಂದ ಮುಂದೆ ಪ್ರತಿ ಮಳೆಯೂ ನೇರ ಕಾರ್ಪೆಟ್ಟಿನೊಳಗೆ.

ನಿಂತ ನೀರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಸ್ಪಂಜು ನೀರು ಹಿಡಿದಿರುತ್ತದೆ. ಮಳೆಗಾಲದ ನಮ್ಮ ಹವೆಯಲ್ಲಿ ವಾರದೊಳಗೆ ಬೂಷ್ಟು. ಬ್ಯಾಟರಿಯ ನೆಗೆಟಿವ್ ಕಳಚಿ, ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ ಎರಡು ದಿನ ಬಿಸಿಲಿಗೆ ಹಾಕಿಸಿ. ಸೀಟಿನ ಕೆಳಗೆ ವೈರಿಂಗ್ ಕನೆಕ್ಟರ್ ಇದ್ದರೆ ಹಸಿರುಗಟ್ಟಿದೆಯೇ ನೋಡಿ. ಇ85 ತಲೆಮಾರಿನ ಬಿಎಂಡಬ್ಲ್ಯು ಜೆಡ್4 ಇಟ್ಟುಕೊಂಡವರಿಗೆ ಒಂದು ಹೆಚ್ಚಿನ ಎಚ್ಚರಿಕೆ: ಟಾಪ್ ಮಡಚುವ ಹೈಡ್ರಾಲಿಕ್ ಪಂಪಿನ ಮೋಟಾರು ಈ ನೀರು ಇಳಿಯುವ ಗುಂಡಿಯಲ್ಲೇ ಇದೆ. ಕೊಳವೆ ಕಟ್ಟಿದರೆ ಮೋಟಾರು ಮುಳುಗಿ ಸುಟ್ಟುಹೋಗುತ್ತದೆ. ಕೊಳವೆ ಸ್ವಚ್ಛ ಮಾಡಲು ಸರಿಯಾದ ಕಾಲ ಮೇ ಎರಡನೇ ವಾರ, ಸಿಡಿಲು ಮಳೆ ಜೋರಾಗುವ ಮೊದಲು.

ಹಳೆಯ ಜಿಪ್ಸಿಯ ಸಾಫ್ಟ್ ಟಾಪ್‌ನ ಪ್ಲಾಸ್ಟಿಕ್ ಕಿಟಕಿ ಮಂಜಾಗಿದೆ. ಜಿಪ್ ಓಡುವುದಿಲ್ಲ. ತೆಂಗಿನೆಣ್ಣೆ ಹಚ್ಚಬಹುದೇ?
– ಓದುಗರು, ಹೊನ್ನಾವರ

ಬೇಡ. ಎಣ್ಣೆ ಧೂಳನ್ನೂ ಉಪ್ಪನ್ನೂ ಹಿಡಿದಿಟ್ಟು ಜಿಪ್ಪನ್ನು ಇನ್ನಷ್ಟು ಕೆಡಿಸುತ್ತದೆ. ಕಡಲ ಗಾಳಿಯ ಉಪ್ಪು ಜಿಪ್ಪಿನ ಹಲ್ಲುಗಳ ನಡುವೆ ಗಟ್ಟಿಯಾಗಿದೆ, ಅಷ್ಟೆ. ಬಿಸಿನೀರಿಗೆ ಎರಡು ಹನಿ ಶಾಂಪೂ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ, ಮೇಣದ ಬತ್ತಿಯ ತುಂಡನ್ನು ಹಲ್ಲುಗಳ ಮೇಲೆ ಎಳೆಯಿರಿ. ಬಾಗಿಲಿನ ರಬ್ಬರ್ ಬೀಡಿಂಗಿಗೆ ಸಿಲಿಕೋನ್ ಗ್ರೀಸ್. ಪೆಟ್ರೋಲಿಯಂ ಜೆಲ್ಲಿ, ಎಂಜಿನ್ ಆಯಿಲ್ ತಾಗಿದರೆ ರಬ್ಬರ್ ಉಬ್ಬುತ್ತದೆ.

ಕಿಟಕಿ ಮಂಜಾಗಲು ಕಾರಣ ಒಣ ಬಟ್ಟೆಯಿಂದ ಒರೆಸಿದ್ದು, ಧೂಳಿರುವಾಗಲೇ ಮಡಚಿದ್ದು. ಮೇಲ್ಮೈ ಗೀಚಾಗಿದ್ದರೆ ಪ್ಲಾಸ್ಟಿಕ್ ಪಾಲಿಶ್‌ನಿಂದ ಸ್ವಲ್ಪ ತಿಳಿಯಾಗುತ್ತದೆ. ಬಿಸಿಲಿಗೆ ಹಳದಿಗಟ್ಟಿ ಪೆಡಸಾಗಿದ್ದರೆ ಯಾವ ಪಾಲಿಶೂ ನಿಲ್ಲದು, ರೆಕ್ಸಿನ್ ಕೆಲಸದವರಿಂದ ಕಿಟಕಿಯ ಹಾಳೆಯನ್ನಷ್ಟೇ ಬದಲಿಸಿ ಹೊಲಿಸಿ. ಹೊಲಿಗೆಗೆ ಪಾಲಿಯೆಸ್ಟರ್ ದಾರವೇ ಆಗಬೇಕು, ಹತ್ತಿ ದಾರ ಒಂದು ಮಳೆಗಾಲ ಕಳೆಯುವುದಿಲ್ಲ. ಒದ್ದೆ ಟಾಪನ್ನು ಎಂದೂ ಮಡಚಿಡಬೇಡಿ.

ಮಾಮೂಲಿ ಕಾರಿನ ಮೇಲ್ಛಾವಣಿ ಕತ್ತರಿಸಿ ಓಪನ್ ಕಾರು ಮಾಡಿಕೊಡುತ್ತೇನೆ ಎನ್ನುವವರಿದ್ದಾರೆ. ಮಾಡಿಸಲೇ?
– ಓದುಗರು, ಭಟ್ಕಳ

ಮಾಡಿಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನದ ರಚನೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಕಾನೂನು ಪಕ್ಕಕ್ಕಿಟ್ಟರೂ, ಮಾಮೂಲಿ ಕಾರಿನ ಗಟ್ಟಿತನದಲ್ಲಿ ಛಾವಣಿಯ ಪಾಲು ದೊಡ್ಡದು. ಅದನ್ನು ತೆಗೆದರೆ ಮೈ ತಿರುಚಿಕೊಂಡು ಬಾಗಿಲು ಹಾಕಿಕೊಳ್ಳುವುದಿಲ್ಲ, ಮಗುಚಿದರೆ ತಲೆಗೆ ಆಸರೆ ಇಲ್ಲ. ಕಾರ್ಖಾನೆಯಿಂದಲೇ ತೆರೆದು ಬಂದ ಕಾರುಗಳಲ್ಲಿ ತಳಕ್ಕೂ ಮುಂದಿನ ಗಾಜಿನ ಚೌಕಟ್ಟಿಗೂ ಹೆಚ್ಚಿನ ಉಕ್ಕು ಹಾಕಿರುತ್ತಾರೆ. ಕಡಿಮೆ ಖರ್ಚಿನಲ್ಲೇ ಬೇಕೆಂದರೆ ಸಾಫ್ಟ್ ಟಾಪ್ ಎಂದೇ ನೋಂದಣಿಯಾದ ಜಿಪ್ಸಿ, ಥಾರ್ ಹುಡುಕಿ.

ತಗ್ಗು ಕಾರು. ಊರಿನ ಹಂಪ್‌ಗಳಲ್ಲಿ ತಳ ಉಜ್ಜುತ್ತದೆ. ಘಟ್ಟ ಇಳಿದಾಗ ಬ್ರೇಕ್ ಸುಟ್ಟ ವಾಸನೆ.
– ಓದುಗರು, ಸಿದ್ದಾಪುರ

ಇಂಥ ಕಾರುಗಳ ತಳ ನೆಲದಿಂದ 110–130 ಮಿ.ಮೀ. ಮಾತ್ರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಅಂಥದ್ದರ ಮೇಲೆ ನಿಮ್ಮ ಕಾರು ಹಾಯಾಗಿ ಹೋಗುತ್ತದೆ. ಊರವರೇ ಒಂದು ರಾತ್ರಿಯಲ್ಲಿ ಹಾಕಿದ ಕಾಂಕ್ರೀಟ್ ದಿಂಡಿಗೆ ಈ ಲೆಕ್ಕ ಗೊತ್ತಿಲ್ಲ. ಎದುರು ಬದುರು ವಾಹನ ಇಲ್ಲದಾಗ ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ, ನಡೆಯುವ ವೇಗದಲ್ಲಿ ದಾಟಿಸಿ. ಹಂಪಿನ ಮೇಲೆ ಬ್ರೇಕ್ ಒತ್ತಿದರೆ ಮೂತಿ ಇನ್ನೂ ತಗ್ಗುತ್ತದೆ, ಆದ್ದರಿಂದ ಮೊದಲೇ ನಿಧಾನಿಸಿ ಬ್ರೇಕ್ ಬಿಟ್ಟು ಹತ್ತಿ.

ಬ್ರೇಕಿನ ವಾಸನೆಗೆ ಕಾರಣ ಕಾಲನ್ನು ಪೆಡಲಿನಿಂದ ತೆಗೆಯದಿರುವುದು. ಇಳಿಜಾರು ಶುರುವಾಗುವ ಮೊದಲೇ ಎರಡು ಅಥವಾ ಮೂರನೇ ಗೇರಿಗೆ ಬನ್ನಿ. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡಿನಲ್ಲಿ ಅದೇ ಗೇರು. ತಿರುವಿನ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಉದ್ದಕ್ಕೂ ಹಗುರವಾಗಿ ಒತ್ತಿಕೊಂಡೇ ಬಂದರೆ ಡಿಸ್ಕಿಗೆ ತಣಿಯಲು ಪುರಸೊತ್ತಿಲ್ಲ. ಕೆಳಗೆ ಬಂದ ಕೂಡಲೇ ನಿಲ್ಲಿಸದೆ ಎರಡು ಕಿ.ಮೀ. ನಿಧಾನವಾಗಿ ಓಡಿಸಿ. ಕಾದ ಡಿಸ್ಕಿಗೆ ನೀರು ಹೊಯ್ದರೆ ಸೊಟ್ಟಗಾಗುತ್ತದೆ.

ಬ್ರೇಕ್ ಆಯಿಲ್ ಕೊನೆಯ ಸಲ ಬದಲಿಸಿದ್ದು ಯಾವಾಗ, ನೋಡಿ. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಗುಳ್ಳೆ ಬಂದು ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಮಲೆನಾಡಿನ ತೇವಕ್ಕೆ ಮೂರು ವರ್ಷ ಕಾಯುವುದು ತಪ್ಪು. ಹತ್ತುವಾಗ ಲಾರಿಗಳ ಹಿಂದೆ ಸಿಕ್ಕಿ ಟೆಂಪರೇಚರ್ ಮುಳ್ಳು ಏರಿದರೆ ಎ.ಸಿ. ಆರಿಸಿ ಹೀಟರ್ ಹಾಕಿ, ಎಂಜಿನ್ನಿನ ಶಾಖ ಇಳಿಯುತ್ತದೆ. ಈ ಉಪಾಯ ನೆಮ್ಮದಿಯಿಂದ ಮಾಡಬಹುದಾದದ್ದು ಟಾಪ್ ಇಲ್ಲದ ಕಾರಿನಲ್ಲಿ ಮಾತ್ರ.

ಮೂರು ವರ್ಷದ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಬಹುದೇ? ಎರಡೇ ಸೀಟು ಇರುವುದು.
– ಓದುಗರು, ಯಲ್ಲಾಪುರ

ಮಡಿಲಲ್ಲಿ ಖಂಡಿತ ಬೇಡ. ಮಕ್ಕಳ ಸೀಟು ಬಿಗಿದು, ಬೆಲ್ಟ್ ಹಾಕಿ. ಆ ಸೀಟು ಹಿಂದಕ್ಕೆ ಮುಖ ಮಾಡಿದ ಬಗೆಯದಾದರೆ ಎದುರಿನ ಏರ್‌ಬ್ಯಾಗ್ ಆರಿಸಲೇಬೇಕು. ಕಾರಿನಲ್ಲಿ ಆರಿಸುವ ಸೌಕರ್ಯ ಇಲ್ಲದಿದ್ದರೆ ಕೂರಿಸಬೇಡಿ. ಮುಂದಕ್ಕೆ ಮುಖ ಮಾಡಿದ್ದಾದರೆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಏರ್‌ಬ್ಯಾಗ್ ಬಗ್ಗೆ ಕಾರಿನ ಪುಸ್ತಕ ಹೇಳಿದಂತೆ ಮಾಡಿ. ಟಾಪ್ ತೆರೆಯುವುದು ಬೆಳಿಗ್ಗೆ ಎಂಟರೊಳಗೆ, ಒಮ್ಮೆಗೆ ಅರ್ಧ ಗಂಟೆ.

ಕಾರನ್ನು ಮರಳಿಗೆ ಇಳಿಸಿ ಫೋಟೋ ತೆಗೆಸಬೇಕು. ಮತ್ತೆ, ಬರುವಾಗ ಕರಿ ಇಶಾಡ ಮಾವು, ಕುಮಟಾದ ಸಿಹಿ ಈರುಳ್ಳಿ ತರಬೇಕು. ಡಿಕ್ಕಿಯಲ್ಲಿ ಹಿಡಿಯುತ್ತದೆಯೇ?
– ಓದುಗರು, ಅಂಕೋಲಾ

ಮರಳಿಗೆ ಇಳಿಸಬೇಡಿ. ಹಿಂದಿನ ಚಕ್ರ ತಿರುಗುವ ತಗ್ಗು ಕಾರು ಮರಳಿನಲ್ಲಿ ನಾಲ್ಕು ಸುತ್ತಿಗೆ ಹೊಟ್ಟೆಯವರೆಗೆ ಕೂರುತ್ತದೆ. ಎಳೆಯಲು ಟ್ರ್ಯಾಕ್ಟರ್ ಬರುವಷ್ಟರಲ್ಲಿ ಉಬ್ಬರವೂ ಬಂದಿರುತ್ತದೆ. ರಸ್ತೆಯಲ್ಲೇ ನಿಲ್ಲಿಸಿ ತೆಗೆಸಿ. ತೆಂಗಿನ ಮರದ ಕೆಳಗಂತೂ ಬೇಡ. ಕಾಯಿ ಬಿದ್ದರೆ ಬಟ್ಟೆಯ ಟಾಪ್ ತಡೆಯದು. ಮಾವಿನ ಮರದ ಸೊನೆ ಬಣ್ಣಕ್ಕೆ ಕಲೆ ಹಿಡಿಸುತ್ತದೆ. ಮನೆಗೆ ಬಂದ ದಿನವೇ ತಳಕ್ಕೂ ಚಕ್ರದ ಗೂಡುಗಳಿಗೂ ಸಿಹಿನೀರು ಹೊಡೆಯಿರಿ. ಬಟ್ಟೆಯ ಟಾಪಿಗೆ ಪ್ರೆಷರ್ ಪೈಪ್ ಹತ್ತಿರ ಹಿಡಿಯಬೇಡಿ, ಹೊಲಿಗೆ ಬಿಡುತ್ತದೆ.

ಡಿಕ್ಕಿಯ ಲೆಕ್ಕ: ಹಲವು ಕಾರುಗಳಲ್ಲಿ ಮಡಚಿದ ಟಾಪ್ ಡಿಕ್ಕಿಯೊಳಗೇ ಬಂದು ಕೂರುತ್ತದೆ. ಅಲ್ಲಿರುವ ಅಡ್ಡಪರದೆಯ ಮೇಲೆ ಏನಾದರೂ ಇಟ್ಟರೆ ಟಾಪ್ ಇಳಿಯುವುದೇ ಇಲ್ಲ, ಬಲವಂತ ಮಾಡಿದರೆ ಹಿಂದಿನ ಗಾಜು ಒಡೆಯುತ್ತದೆ. ಆದ್ದರಿಂದ ಗಟ್ಟಿ ಸೂಟ್‌ಕೇಸ್ ಬಿಟ್ಟು ಎರಡು ಮೆತ್ತನೆ ಚೀಲ ಒಯ್ಯಿರಿ. ಮಾವನ್ನು ಹುಲ್ಲು ಹಾಸಿದ ತಗ್ಗು ಪೆಟ್ಟಿಗೆಯಲ್ಲಿ ಒಂದೇ ಪದರ ಜೋಡಿಸಿ ಪರದೆಯ ಕೆಳಗಿಡಿ. ಕರಿ ಇಶಾಡದ ಸಿಪ್ಪೆ ತೆಳು, ಒಂದರ ಮೇಲೊಂದು ಹಾಕಿದರೆ ಮನೆಗೆ ತಲುಪುವುದು ರಸ. ಅಳ್ವೇಕೋಡಿ, ಹಂದಿಗೋಣದ ಬಳಿ ರಸ್ತೆ ಬದಿಯಲ್ಲಿ ತೂಗುಹಾಕಿದ ಈರುಳ್ಳಿ ಗೊಂಚಲನ್ನು ಡಿಕ್ಕಿಗೆ ಹಾಕಬೇಡಿ, ಗಾಳಿಯಿಲ್ಲದೆ ಬೆವೆತು ಕೊಳೆಯುತ್ತದೆ. ಅದನ್ನು ಪಕ್ಕದ ಸೀಟಿನವರ ಕಾಲ ಬಳಿ ನಿಲ್ಲಿಸಿ. ಘಟ್ಟದ ದಾರಿಯಲ್ಲಿ ತಿನ್ನುವ ವಸ್ತು ಸೀಟಿನ ಮೇಲೆ ಬಿಟ್ಟು ಇಳಿಯಬೇಡಿ. ಮಂಗಗಳಿಗೆ ತೆರೆದ ಕಾರಿನಷ್ಟು ಅನುಕೂಲದ್ದು ಇನ್ನೊಂದಿಲ್ಲ. ಟಾಪ್ ಮುಚ್ಚಿದ್ದರೂ ವಾಸನೆಗೆ ಬಂದು ಬಟ್ಟೆ ಹರಿಯುತ್ತವೆ.